ಮೂರು ಪ್ಯಾಕೆಟ್ ಉಪ್ಪು, ಒಂದು ಚೀಟಿ

ಬೆಳಗಿನ ಜಾವ ಐದೂ ಹತ್ತು. ಸೂಪರ್ ಮಾರ್ಕೆಟ್ಟಿನ ಶಟರು ಮೊಣಕಾಲಿನಷ್ಟು ಮಾತ್ರ ಮೇಲೆದ್ದಿದೆ. ಪೂರ್ತಿ ಎತ್ತಿದರೆ ಜನ ನುಗ್ಗುತ್ತಾರೆ, ಎತ್ತಕೂಡದು ಎಂದು ಮೇಲಿನವರ ಅಪ್ಪಣೆ. ಹಾಗಾಗಿ ಕೆಲಸದವರೆಲ್ಲ ಬಗ್ಗಿಯೇ ಒಳಗೆ ಹೋಗಬೇಕು. ನಲವತ್ತೇಳು ವರ್ಷದ ಹೆಂಗಸೊಬ್ಬರು ಒಂದು ಕೈಯನ್ನು ಸೊಂಟದ ಮೇಲಿಟ್ಟುಕೊಂಡು, "ಅಯ್ಯಮ್ಮಾ" ಎಂದು ಉಸಿರು ಬಿಟ್ಟು ಶಟರಿನಡಿ ನುಸುಳುತ್ತಾರೆ. ಒಳಗೆ ನಿಂತ ಸೆಕ್ಯುರಿಟಿಯವನು ಅವರ ಹಣೆಗೆ ಜ್ವರ ನೋಡುವ ಯಂತ್ರ ಹಿಡಿಯುತ್ತಾನೆ.

"ಎಷ್ಟಪ್ಪಾ ಇವತ್ತು?"

"ತೊಂಬತ್ತೇಳು, ಡಾಕ್ಟ್ರಮ್ಮ. ಸದ್ಯಕ್ಕೆ ಸಾಯಲ್ಲ ನೀವು."

"ಸಾಯೋಕೂ ರಜೆ ಬೇಕಲ್ಲಪ್ಪ. ಯಾರು ಕೊಡ್ತಾರೆ?"

ಇವರು ಡಾಕ್ಟರಲ್ಲ, ನರ್ಸೂ ಅಲ್ಲ. ಆಸ್ಪತ್ರೆಗೆ ಹೋದದ್ದು ಹೆರಿಗೆಗೆ ಒಂದು ಸಲ, ಆಮೇಲೆ ಅತ್ತೆಯನ್ನು ಕರೆದುಕೊಂಡು ಒಂದು ಸಲ, ಅಷ್ಟೇ. ಆ ಹೆಸರು ಯಾಕೆ ಬಂತು ಅನ್ನುವುದೇ ಈ ಕಥೆ. ಇವರ ಕೆಲಸ ಪಿಕ್ಕರ್. ಹಾಗೆಂದರೆ ನೀವು ಮನೆಯಲ್ಲಿ ಕಾಲು ಚಾಚಿಕೊಂಡು ಕೂತು, ಮೊಬೈಲಿನ ಮೇಲೆ ಬೆರಳಾಡಿಸಿ, ಒಂದು ಕಿಲೋ ಈರುಳ್ಳಿ, ಎರಡು ಸೋಪು, ಒಂದು ಡಜನ್ ಮೊಟ್ಟೆ ಅಂತ ಒತ್ತುತ್ತೀರಲ್ಲ, ಆ ಪಟ್ಟಿ ಬಂದು ಬೀಳುವುದು ಇವರ ಕೈಗೆ. ಟ್ರಾಲಿ ತಳ್ಳಿಕೊಂಡು ಸಾಲು ಸಾಲು ಕಪಾಟುಗಳ ನಡುವೆ ಓಡಾಡಿ, ಒಂದೊಂದೇ ಸಾಮಾನು ಹುಡುಕಿ, ಚೀಲ ತುಂಬಿ, ನಂಬರು ಅಂಟಿಸಿ, ಹಿಂಬಾಗಿಲಿನ ಕಟ್ಟೆಯ ಮೇಲಿಡುವುದು ಇವರು. ಅಲ್ಲಿಂದ ಬೈಕಿನವರು ಎತ್ತಿಕೊಂಡು ಹೋಗುತ್ತಾರೆ. ಬೈಕಿನವರಿಗಾದರೂ ಬಾಲ್ಕನಿಯಿಂದ ಒಂದು ನಮಸ್ಕಾರ, ಒಂದು ಬಾಟಲಿ ನೀರು ಸಿಗುತ್ತದೆ. ಚೀಲ ತುಂಬಿದವರು ಅಂತ ಒಬ್ಬರು ಇರುತ್ತಾರೆ ಅನ್ನುವುದೇ ಯಾರ ತಲೆಗೂ ಹೊಳೆಯುವುದಿಲ್ಲ. ಈರುಳ್ಳಿ ತಾನಾಗಿಯೇ ನಡೆದು ಬಂದು ಚೀಲದೊಳಗೆ ಕೂತಿತು ಅಂದುಕೊಂಡಿದ್ದೇವೆ ನಾವು.

ಡಾಕ್ಟ್ರಮ್ಮ ನೀಲಿ ಕೋಟು ತೊಡುತ್ತಾರೆ, ಕೈಗೆ ಗ್ಲೌಸು ಹಾಕಿಕೊಳ್ಳುತ್ತಾರೆ, ಕೋಡು ಓದುವ ಯಂತ್ರವನ್ನು ಕೈಗೆತ್ತಿಕೊಳ್ಳುತ್ತಾರೆ. ಮೊದಲನೇ ಪಟ್ಟಿ ಬಂದಾಯಿತು. ಒಂದು ಸಾಮಾನಿಗೆ ಮೂವತ್ತೈದು ಸೆಕೆಂಡು. ಅದು ಮೀರಿದರೆ ಯಂತ್ರದ ಪರದೆ ಕೆಂಪಾಗುತ್ತದೆ. ದಿನಕ್ಕೆ ಮೂವತ್ತೆಂಟು ಪಟ್ಟಿ, ಹೆಚ್ಚುಕಡಿಮೆ ಒಂಬೈನೂರ ಐವತ್ತು ಸಾಮಾನು. ಮಗಳು ಒಂದು ದಿನ ಮೊಬೈಲನ್ನು ಅಮ್ಮನ ಜೇಬಿಗೆ ಹಾಕಿ ಕಳಿಸಿ ಅಳೆದಿದ್ದಾಳೆ: ಹನ್ನೊಂದು ಕಿಲೋಮೀಟರು ನಡಿಗೆ. ಒಂದೇ ಅಂಗಡಿಯೊಳಗೆ! ಕೂರಲು ಕುರ್ಚಿ ಇಲ್ಲ. ಪಾಯಖಾನೆಗೆ ಎರಡೇ ಸಲ ಹೋಗಬಹುದು. ಮೂರನೇ ಸಲ ಹೋದರೆ ಅದೂ ಯಂತ್ರದಲ್ಲಿ ದಾಖಲಾಗುತ್ತದೆ. ಕಂಪನಿ ಕೊಡುವುದು ಮೂರು ದಿನಕ್ಕೊಂದು ಮಾಸ್ಕು. ಮೂರನೇ ದಿನ ಅದರ ಗತಿ ಏನಾಗಿರುತ್ತದೆ ಅನ್ನುವುದನ್ನು ಕಂಪನಿಯ ದೊಡ್ಡವರು ಒಮ್ಮೆ ಮೂಗಿಗೆ ಕಟ್ಟಿಕೊಂಡು ನೋಡಬೇಕು.

"ಮಾಸ್ಕು ನಮ್ಮನೆಯವರೇ ಹೊಲಿದು ಕೊಡ್ತಾರೆ" ಎನ್ನುತ್ತಾರೆ ಅವರು, ಎಣ್ಣೆ ಪ್ಯಾಕೆಟ್ಟನ್ನು ತಲೆಕೆಳಗು ಮಾಡಿ ಸೋರುತ್ತಿದೆಯೇ ಎಂದು ನೋಡುತ್ತಾ. "ಟೈಲರ್ ಅಲ್ವಾ. ಈಗ ಸ್ಕೂಲಿಲ್ಲ, ಯೂನಿಫಾರಂ ಇಲ್ಲ. ಮದುವೆಗೆ ಜನಾನೇ ಸೇರಲ್ಲ, ಬ್ಲೌಸು ಯಾರು ಹೊಲಿಸ್ತಾರೆ? ಮಾಸ್ಕು ಹೊಲೀತಾ ಕೂತಿದಾರೆ. ಬೀದೀಲೆಲ್ಲ ಹಂಚಿಬಿಡ್ತಾರೆ, ದುಡ್ಡು ಕೇಳಲ್ಲ, ಮಹಾ ಧಾರಾಳಿ. ಮನೆ ನಡೀತಿರೋದು ಈ ಕೋಟಿನ ಮೇಲೆ."

ಹೇಳುತ್ತಲೇ ಮೂರು ಸಾಮಾನು ಮುಗಿದಿದೆ. ಟೊಮ್ಯಾಟೊ ಆರಿಸುವಾಗ ಮಾತ್ರ ಮಾತು ನಿಲ್ಲುತ್ತದೆ. ಒಂದೊಂದನ್ನೂ ಬೆರಳಿನಲ್ಲಿ ತಿರುಗಿಸಿ, ತೊಟ್ಟಿನ ಹತ್ತಿರ ನೋಡಿ ಹಾಕುತ್ತಾರೆ. ಪರದೆ ಕೆಂಪಾಗುತ್ತದೆ. "ಆಗ್ಲಿ ಬಿಡು, ನಿಂಗೇನು" ಎಂದು ಯಂತ್ರಕ್ಕೇ ಬೈಯುತ್ತಾರೆ.

ಸಂಜೆ ನಾಲ್ಕಕ್ಕೆ ಮನೆ ಸೇರಿದ ಮೇಲಿನ ಕಟ್ಟುನಿಟ್ಟು ಇನ್ನೊಂದು ಬಗೆಯದು. ಚಪ್ಪಲಿ ಮೆಟ್ಟಿಲ ಕೆಳಗೇ ಬಿಡಬೇಕು. ಬಾಗಿಲ ಪಕ್ಕದಲ್ಲಿ ಸೋಪಿನ ನೀರಿನ ಬಕೆಟ್ ಇರುತ್ತದೆ. ಉಟ್ಟ ಬಟ್ಟೆಯೆಲ್ಲ ನೇರ ಅದಕ್ಕೆ. ಸ್ನಾನ ಆಗುವ ತನಕ ಮಗಳು ಹತ್ತಿರ ಬರುವ ಹಾಗಿಲ್ಲ. ಆಮೇಲೂ ಆರಡಿ ಅಂತರ. ಟೈಲರ್ ಮಹಾಶಯರು ತಮ್ಮ ಟೇಪಿನಲ್ಲೇ ಅಳೆದು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಮನೆಯ ನಡುವೆ ನೆಲಕ್ಕೆ ಗೆರೆ ಎಳೆದಿದ್ದಾರೆ. ಗೆರೆಯ ಆಚೆ ಅಪ್ಪ, ಮಗಳು, ಹೊಲಿಗೆ ಯಂತ್ರ. ಈಚೆ ಡಾಕ್ಟ್ರಮ್ಮ, ಅವರ ಚಾಪೆ, ಅವರ ತಟ್ಟೆ, ಅವರ ಲೋಟ. ಹದಿನಾಲ್ಕು ವರ್ಷದ ಮಗಳು ಪಾಠದ ವಿಡಿಯೋ ಮುಗಿಸಿ ಗೆರೆಯ ಅಂಚಿಗೆ ಬಂದು ಕೂರುತ್ತಾಳೆ. ಅಮ್ಮನೂ ಈಚೆಯ ಅಂಚಿಗೆ ಬಂದು ಕೂರುತ್ತಾರೆ. ಹೀಗೆ ಏಳು ತಿಂಗಳಾಗಿದೆ. "ಜಡೆ ಹಾಕಿಕೊಡಮ್ಮ ಅಂತಾಳೆ ಒಂದೊಂದು ಸಲ" ಎಂದಷ್ಟೇ ಹೇಳಿ ಡಾಕ್ಟ್ರಮ್ಮ ಬೇರೆ ಮಾತಿಗೆ ಹೋಗುತ್ತಾರೆ.

ಈಗ ಪಟ್ಟಿಯ ವಿಷಯ.

ಪಟ್ಟಿಯ ಮೇಲೆ ಹೆಸರಿರುವುದಿಲ್ಲ. ಯಾವ ಕಟ್ಟಡ, ಯಾವ ನಂಬರಿನ ಮನೆ, ಅಷ್ಟೇ. ಬಹಳ ಪಿಕ್ಕರ್‌ಗಳು ಅದನ್ನೂ ನೋಡುವುದಿಲ್ಲ, ಕೋಡು ನೋಡಿ ಸಾಮಾನು ಎತ್ತಿಹಾಕುತ್ತಾರೆ. ಅವರದು ತಪ್ಪೆಂದು ಯಾವ ಬಾಯಲ್ಲಿ ಹೇಳುವುದು, ಮೂವತ್ತೈದು ಸೆಕೆಂಡಿನಲ್ಲಿ ಇನ್ನೇನು ನೋಡಲಾದೀತು? ಆದರೆ ಡಾಕ್ಟ್ರಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದುತ್ತಾರೆ, ಊರಿನಿಂದ ಬಂದ ಕಾಗದ ಓದುವ ಹಾಗೆ. ಒಂದೇ ಮನೆಯ ಪಟ್ಟಿ ವಾರ ವಾರ ಬಂದರೆ ಆ ಮನೆ ಅವರಿಗೆ ಗೊತ್ತಾಗಿಬಿಡುತ್ತದೆ.

"ಲಾಕ್‌ಡೌನ್ ಶುರುವಾದಾಗ ಏನ್ ಕೇಳ್ತೀರಿ! ಎಲ್ಲರ ಮನೇಲೂ ಮೈದಾ, ಬೇಕಿಂಗ್ ಪೌಡರು. ಊರಿಗೆ ಊರೇ ಬೇಕರಿ ಇಟ್ಟಂಗೆ" ಎಂದು ನಗುತ್ತಾರೆ. "ಒಂದು ತಿಂಗಳಿಗೆ ಆ ಶೋಕಿ ಮುಗೀತು. ಆಮೇಲೆ ತಲೆಗೆ ಹಚ್ಚೋ ಬಣ್ಣ. ಕಟಿಂಗ್ ಅಂಗಡಿಗಳು ಮುಚ್ಚಿದ್ವಲ್ಲ, ಗಂಡಸರ ಬಣ್ಣಾನೇ ಜಾಸ್ತಿ ಹೋಗಿದ್ದು, ಹೆಂಗಸರದ್ದಲ್ಲ! ಒಂದು ಮನೆಯವರು ಡಯಾಪರ್ ತರಿಸ್ತಾರೆ. ಮೊದಲು ಚಿಕ್ಕ ಸೈಜು, ಈಗ ಮಧ್ಯಮ. ಮಗು ಮೈ ಕೈ ತುಂಬ್ಕೊಂಡಿದೆ ಅಂತ ನಂಗಿಲ್ಲಿ ಖುಷಿ. ಮುಖಾನೇ ನೋಡಿಲ್ಲ ಅದರದ್ದು. ಇನ್ನೊಂದು ಮನೇಲಿ ದಾಡಿ ಬ್ಲೇಡು ನಿಂತುಹೋಯ್ತು. ಗಡ್ಡ ಬಿಟ್ಟಿದಾರೆ ಅಂದ್ಕೊಂಡಿದೀನಿ. ಬೇರೇದು ಅಂದ್ಕೊಳ್ಳೋಕೆ ಮನಸ್ಸು ಬರಲ್ಲ."

ಈ ಓದುವ ಚಾಳಿ ಹುಟ್ಟಿನಿಂದ ಬಂದದ್ದಲ್ಲ. ಅದಕ್ಕೊಂದು ಸಾವಿನ ಹಿನ್ನೆಲೆ ಇದೆ. ಅದನ್ನು ಅವರು ಕಪಾಟಿನ ಕಡೆ ಮುಖ ಮಾಡಿಕೊಂಡೇ ಹೇಳುತ್ತಾರೆ.

ಮನೆಯಲ್ಲಿ ಅತ್ತೆ ಇದ್ದರು. ಟೈಲರ್ ಅವರ ತಾಯಿ. ಸೊಸೆ ಬಂದ ದಿನದಿಂದ, ಅಂದರೆ ಹದಿನೆಂಟು ವರ್ಷದಿಂದ, ಸೊಸೆಯ ಅಡುಗೆಗೆ ಕೊಂಕು ತೆಗೆಯದೆ ಆ ತಾಯಿಗೆ ಅನ್ನ ಇಳಿದದ್ದಿಲ್ಲ. ಒಂದು ದಿನ ಖಾರ ಹೆಚ್ಚು, ಒಂದು ದಿನ ಹುಳಿ ಕಡಿಮೆ. ಸೊಸೆಯೂ ಸುಮ್ಮನಿರುವ ಪೈಕಿ ಅಲ್ಲ, ತಿರುಗಿಸಿ ಕೊಡುತ್ತಿದ್ದರು. ಅದೊಂದು ಮನೆಯ ಆಟವೇ ಆಗಿಹೋಗಿತ್ತು. ಸೋಂಕು ಊರಿಗೆ ಬಂದ ಮೂರನೇ ತಿಂಗಳಲ್ಲಿ ಅತ್ತೆ ಒಂದು ಮಧ್ಯಾಹ್ನ ತಟ್ಟೆ ತಳ್ಳಿ, "ಇದಕ್ಕೆ ಉಪ್ಪು ಹಾಕಿದೀಯೇನೇ?" ಅಂದರು. ಮರುದಿನವೂ ಅದೇ ಮಾತು. ಮೂರನೇ ದಿನ ಉಪ್ಪಿನ ಡಬ್ಬಿಯನ್ನೇ ಪಕ್ಕಕ್ಕೆ ಇಟ್ಟುಕೊಂಡರು.

"ನಾನೇನಂದೆ ಗೊತ್ತಾ? 'ಡಬ್ಬೀನೇ ತಿನ್ನಿ ಅತ್ತೆ' ಅಂದೆ." ಡಾಕ್ಟ್ರಮ್ಮನ ಕೈ ಬಿಸ್ಕತ್ತಿನ ಸಾಲಿನ ಮೇಲೆ ನಿಲ್ಲುತ್ತದೆ. "ಕೆಮ್ಮಿಲ್ಲ, ಜ್ವರ ಇಲ್ಲ. ನಾಲಿಗೆ ರುಚಿ ಹೋಗಿದೆ ಅಂತ ನಂಗೆ ಹೊಳೀಲೇ ಇಲ್ಲ. ಅತ್ತೆ ಉಪ್ಪಿಲ್ಲ ಅನ್ನೋದು ಹೊಸದಾ? ಬೇರೆ ಯಾರು ಹೇಳಿದ್ರೂ ಯೋಚನೆ ಮಾಡ್ತಿದ್ದೆ. ಆರನೇ ದಿನ ಏದುಸಿರು ಬಂತು. ಆಟೋದಲ್ಲಿ ಮೂರು ಆಸ್ಪತ್ರೆ ಸುತ್ತಿದ್ವಿ. ಮೂರನೇದರ ಬಾಗಿಲಲ್ಲಿ ಹೋದ್ರು. ಹದಿನೆಂಟು ವರ್ಷ ಜಗಳ ಆಡಿದೀನಿ, ಒಂದು ಸಲಾನಾದ್ರೂ ಅವರ ಮಾತು ಕಿವಿಗೆ ಹಾಕ್ಕೋಬೇಕಾಗಿದ್ದಿದ್ದು ಅವತ್ತು."

ಅತ್ತೆ ಹೋದ ಹದಿಮೂರನೇ ದಿನಕ್ಕೆ ಮನೆಯವರ ಪರೀಕ್ಷೆಯೆಲ್ಲ ಮುಗಿದು, ಹದಿನೈದನೇ ದಿನ ಡಾಕ್ಟ್ರಮ್ಮ ಕೆಲಸಕ್ಕೆ ವಾಪಸು ಬಂದರು. ಅಷ್ಟು ದಿನದ ರಜೆಗೆ ಕಂಪನಿ ಕಾರಣ ಕೇಳಿ ಕಾಗದ ಕಳಿಸಿತ್ತು. ಸಾವಿಗೂ ಕಾರಣ ಕೇಳುವ ಜನ!

ಇನ್ನೂರ ಮೂರನೇ ನಂಬರಿನ ಮನೆಯ ಸಂಗತಿ ನಡೆದದ್ದು ಅದಾಗಿ ಎರಡು ತಿಂಗಳಿಗೆ. ಅಂಗಡಿಯಿಂದ ನಾಲ್ಕು ಬೀದಿ ಆಚೆಗಿನ ಹಳೇ ಕಟ್ಟಡ, ಎರಡನೇ ಮಹಡಿ. ಪ್ರತಿ ಮಂಗಳವಾರ ಪಟ್ಟಿ ಬರುತ್ತಿತ್ತು. ಅರ್ಧ ಕಿಲೋ ಸಕ್ಕರೆ, ಕಾಲು ಕಿಲೋ ಟೀ ಪುಡಿ, ಎರಡು ಬ್ರೆಡ್ಡು, ಮೆತ್ತನೆ ಬಾಳೆಹಣ್ಣು, ರಕ್ತದೊತ್ತಡದವರು ತಿನ್ನುವ ಉಪ್ಪು ಕಡಿಮೆಯ ಬಿಸ್ಕತ್ತು. ವಯಸ್ಸಾದ ಇಬ್ಬರು ಇರಬೇಕು ಎಂದು ಡಾಕ್ಟ್ರಮ್ಮ ಲೆಕ್ಕ ಹಾಕಿದ್ದರು. ಉಪ್ಪಿನ ಪ್ಯಾಕೆಟ್ಟು ಎರಡು ತಿಂಗಳಿಗೆ ಒಂದು. ಅಂಥ ಮನೆಯಿಂದ ಮಂಗಳವಾರ ಬಿಟ್ಟು ನಡುವೆಯೂ ಪಟ್ಟಿ ಬಂದು, ಹನ್ನೊಂದು ದಿನದಲ್ಲಿ ಮೂರು ಪ್ಯಾಕೆಟ್ ಉಪ್ಪು ಹೋಯಿತು. ಮೂರನೆಯದನ್ನು ಕಪಾಟಿನಿಂದ ತೆಗೆದಾಗ ಡಾಕ್ಟ್ರಮ್ಮನಿಗೆ ಅತ್ತೆಯ ಉಪ್ಪಿನ ಡಬ್ಬಿ ನೆನಪಾಯಿತು.

ಗ್ರಾಹಕರ ಫೋನ್ ನಂಬರು ಪಿಕ್ಕರ್‌ಗೆ ಕೊಡುವುದಿಲ್ಲ. ಮ್ಯಾನೇಜರ್‌ಗೆ ಹೇಳಿದರೆ ಅವರು, "ಬಿಡಿ ಅಮ್ಮ, ಉಪ್ಪಿನಕಾಯಿ ಹಾಕ್ತಿರಬಹುದು" ಎಂದು ನಕ್ಕರು. ಉಪ್ಪಿನಕಾಯಿ ಹಾಕುವವರು ನಿಂಬೆಹಣ್ಣು ತರಿಸಬೇಡವೇ, ಖಾರದ ಪುಡಿ ತರಿಸಬೇಡವೇ? ಪಟ್ಟಿಯಲ್ಲಿ ಅವೆರಡೂ ಇರಲಿಲ್ಲ. ಡಾಕ್ಟ್ರಮ್ಮ ಹಳೇ ಬಿಲ್ಲಿನ ಹಿಂಬದಿಯಲ್ಲಿ ಒಂದು ಚೀಟಿ ಬರೆದು, ನಾಲ್ಕಾಗಿ ಮಡಿಚಿ, ಉಪ್ಪಿನ ಪ್ಯಾಕೆಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿ ಚೀಲದ ತಳಕ್ಕಿಟ್ಟರು. ಚೀಟಿ ಈಗಲೂ ಆ ಮನೆಯಲ್ಲಿದೆ. ಅದರಲ್ಲಿರುವುದು ಇಷ್ಟು:

"ನಾನು ನಿಮ್ಮ ಚೀಲ ತುಂಬುವವಳು. ಹನ್ನೊಂದು ದಿನಕ್ಕೆ ಮೂರು ಉಪ್ಪು ತರಿಸಿದ್ದೀರಿ. ಅಡುಗೆ ಸಪ್ಪೆ ಅನ್ನಿಸುತ್ತಿದ್ದರೆ ಉಪ್ಪಿನ ತಪ್ಪಲ್ಲ, ನಾಲಿಗೆ ರುಚಿ ಹೋಗಿರಬಹುದು. ದಯವಿಟ್ಟು ಇವತ್ತೇ ಪರೀಕ್ಷೆ ಮಾಡಿಸಿ. ನಮ್ಮ ಮನೆಯಲ್ಲಿ ತಡ ಮಾಡಿದೆವು."

ಇನ್ನೂರ ಮೂರರಲ್ಲಿ ಇರುವುದು ಅಕ್ಕ, ತಮ್ಮ. ಇಬ್ಬರಿಗೂ ಮದುವೆ ಆಗಿಲ್ಲ, ಇಬ್ಬರಿಗೂ ಎಪ್ಪತ್ತು ದಾಟಿದೆ. ಅಕ್ಕ ಟೈಪಿಸ್ಟ್ ಆಗಿ ನಿವೃತ್ತರಾದವರು. ತಮ್ಮ ಗಡಿಯಾರ ರಿಪೇರಿಯವರು. ಬಾಗಿಲ ಜಾಲರಿಯ ಹಿಂದೆ ನಿಂತು ಅಕ್ಕ ನಡೆದದ್ದನ್ನು ಹೇಳುತ್ತಾರೆ: "ನಾನು ಉಪ್ಪು ಹಾಕ್ತಿದ್ದೆ, ಇವನು ಸಾಲದು ಅಂತಿದ್ದ. ನಾನು ತಿಂದು ನೋಡಿದ್ರೆ ನಂಗೂ ಸಾಲದು. ಒಬ್ಬರಿಗಾದ್ರೂ ರುಚಿ ಗೊತ್ತಾಗಿದ್ರೆ ಅವರು ಉಗುಳ್ತಿದ್ರು. ಇಬ್ಬರಿಗೂ ಹೋಗಿದೆ ಅಂತ ಯಾರು ಹೇಳ್ಬೇಕು? ಇಬ್ಬರೂ ಸೇರ್ಕೊಂಡು ಉಪ್ಪಿನ ಕಂಪನಿಯವರನ್ನ ಬೈದ್ವಿ, ಕಲಬೆರಕೆ ಮಾಡ್ತಾರೆ ಅಂತ!"

ಚೀಟಿ ನೋಡಿದ ದಿನವೇ ಪರೀಕ್ಷೆಗೆ ಹೋದರು. ತಮ್ಮನ ಬೆರಳಿಗೆ ಆಮ್ಲಜನಕ ನೋಡುವ ಕ್ಲಿಪ್ಪು ಹಾಕಿದ ನರ್ಸು ಎರಡನೇ ಸಲ ಹಾಕಿ ನೋಡಿದಳಂತೆ. ಎಂಬತ್ತಾರು. ಮನುಷ್ಯ ಮಾತಾಡುತ್ತಾ, ಆಸ್ಪತ್ರೆಯ ಗೋಡೆ ಗಡಿಯಾರ ನಾಲ್ಕು ನಿಮಿಷ ಹಿಂದಿದೆ ಎಂದು ತಕರಾರು ತೆಗೆಯುತ್ತಾ ಕೂತಿದ್ದರು. ಇನ್ನೆರಡು ದಿನ ಮನೆಯಲ್ಲೇ ಇದ್ದಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು. ಒಂಬತ್ತು ದಿನ ಆಮ್ಲಜನಕ ಕೊಟ್ಟ ಮೇಲೆ ಮನೆಗೆ ಬಂದರು. ಅಕ್ಕನಿಗೆ ಮನೆಯಲ್ಲೇ ವಾಸಿಯಾಯಿತು. ಮೈಗೆ ಕಸುವು ಬಂದ ಕೂಡಲೇ ಅಕ್ಕ ಮಾಡಿದ ಮೊದಲ ಕೆಲಸ, ಟೈಪ್‌ರೈಟರ್ ಇಳಿಸಿ ಅಂಗಡಿಗೆ ಒಂದು ಕಾಗದ ಹೊಡೆದದ್ದು. "ನಮ್ಮ ಚೀಲ ತುಂಬುವ ತಾಯಿಗೆ" ಎಂದು ಶುರುವಾಗುತ್ತದೆ. ನಿಮ್ಮಿಂದ ನಾವಿಬ್ಬರೂ ಬದುಕಿದೆವು, ನಿಮ್ಮನ್ನು ಒಮ್ಮೆ ನೋಡಬೇಕು ಎಂದು ಬರೆದಿದ್ದರು.

ಅಂಗಡಿಯಲ್ಲಿ ಸುದ್ದಿ ಹಬ್ಬಿ ಪಿಕ್ಕರ್ ಅಮ್ಮ ಡಾಕ್ಟ್ರಮ್ಮ ಆದದ್ದು ಹೀಗೆ. ಕಾಗದವನ್ನು ಮಾತ್ರ ಅವರ ಕೈಗೆ ಕೊಡಲಿಲ್ಲ. ಅದು ಕಂಪನಿಯ ಹೆಸರಿಗೆ ಬಂದ ಕಾಗದ, ಕಂಪನಿಯ ಆಸ್ತಿ ಎಂದು ಮುಖ್ಯ ಕಚೇರಿಗೆ ಕಳಿಸಿದರು. ಇಪ್ಪತ್ತು ದಿನ ಕಳೆದು ಅಂಗಡಿಯ ಮುಂದೆ ಒಂದು ದೊಡ್ಡ ಬ್ಯಾನರ್ ಬಂತು. ಹಲ್ಲು ಫಳಫಳ ಹೊಳೆಯುವ, ಜೀವಮಾನದಲ್ಲಿ ಟ್ರಾಲಿ ಮುಟ್ಟಿರದ ಒಬ್ಬ ಹುಡುಗಿ ನೀಲಿ ಕೋಟು ತೊಟ್ಟು ನಗುತ್ತಿದ್ದಾಳೆ. ಪಕ್ಕದಲ್ಲಿ ದಪ್ಪ ಅಕ್ಷರ: "ನಿಮ್ಮಿಂದ ನಾವಿಬ್ಬರೂ ಬದುಕಿದೆವು. ನಮ್ಮ ಗ್ರಾಹಕರ ಮಾತು." ಅಕ್ಕ ಟೈಪು ಹೊಡೆದ ಅದೇ ವಾಕ್ಯ. ಡಾಕ್ಟ್ರಮ್ಮ ಶಟರಿನಡಿ ಬಗ್ಗುವ ಮುಂಚೆ ದಿನಾ ಅದನ್ನು ನೋಡುತ್ತಾರೆ. "ಚೆಂದಾಗಿದಾಳೆ ಹುಡುಗಿ" ಎನ್ನುತ್ತಾರೆ. ಅವರಿಗೆ ಸಿಟ್ಟು ಬರುವುದಿಲ್ಲ. ಬರಬೇಕಾದವರಿಗೆ ಬರಲಿ ಎಂದೇ ಇಲ್ಲಿ ಬರೆಯುತ್ತಿರುವುದು.

ಇಷ್ಟಕ್ಕೇ ಮುಗಿದಿದ್ದರೆ ಬೇರೆ ಮಾತು. ಡಾಕ್ಟ್ರಮ್ಮ ಒಂದು ತಪ್ಪು ಮಾಡಿದರು. ಅದನ್ನು ಅವರೂ ಮುಚ್ಚಿಡುವುದಿಲ್ಲ, ಇಲ್ಲಿಯೂ ಮುಚ್ಚಿಡುವ ಅಗತ್ಯವಿಲ್ಲ.

ಹೊಸ ಕಟ್ಟಡವೊಂದರ ಆರನೇ ಮಹಡಿಯ ಮನೆಗೆ ಎಂಟು ದಿನದಲ್ಲಿ ನಾಲ್ಕು ಪ್ಯಾಕೆಟ್ ಉಪ್ಪು ಹೋಯಿತು. ನಿಂಬೆಹಣ್ಣಿಲ್ಲ, ಖಾರದ ಪುಡಿ ಇಲ್ಲ. ಡಾಕ್ಟ್ರಮ್ಮ ಮತ್ತೆ ಚೀಟಿ ಬರೆದರು. ಆ ದಿನ ಇಬ್ಬರು ಪಿಕ್ಕರ್‌ಗಳು ಬಂದಿರಲಿಲ್ಲ, ಯಂತ್ರ ಕೆಂಪು ಬಿಟ್ಟು ಬೇರೆ ಬಣ್ಣವನ್ನೇ ತೋರಿಸುತ್ತಿರಲಿಲ್ಲ. ಚೀಲ ಆಗಲೇ ತುಂಬಿ ಬಾಯಿ ಕಟ್ಟಿಯಾಗಿತ್ತು. ಬಿಚ್ಚಿ ತಳಕ್ಕಿಡಲು ಪುರುಸೊತ್ತಿಲ್ಲದೆ ಚೀಟಿಯನ್ನು ಹೊರಗಡೆಯೇ ಸ್ಟೇಪ್ಲರ್ ಹೊಡೆದುಬಿಟ್ಟರು.

ಕಟ್ಟಡದ ಗೇಟಿನಲ್ಲಿ ಚೀಲ ಇಳಿಸಿಕೊಂಡ ಕಾವಲುಗಾರ ಅದನ್ನು ಓದಿದ. ಲಿಫ್ಟಿನಲ್ಲಿ ಜತೆಗಿದ್ದವರೂ ಓದಿದರು. ಚೀಲ ಆರನೇ ಮಹಡಿಗೆ ತಲುಪುವ ಮೊದಲೇ ಆ ಮನೆಗೆ ಸೋಂಕು ಬಂದಿದೆ ಎಂಬ ಸುದ್ದಿ ಹತ್ತನೇ ಮಹಡಿ ಮುಟ್ಟಿತ್ತು. ನಾಲ್ಕು ದಿನ ಆ ಮನೆಯ ಕಸ ಯಾರೂ ಎತ್ತಲಿಲ್ಲ. ಪಕ್ಕದ ಮನೆಯವರು ಕಿಟಕಿಗೆ ಪ್ಲಾಸ್ಟಿಕ್ ಹೊಡೆದುಕೊಂಡರು. ಸಣ್ಣ ಮಕ್ಕಳು ಬಾಗಿಲು ತೆರೆದರೆ ಎದುರು ಮನೆಯವರು ಕೂಗಾಡಿದರು. ಇಷ್ಟಕ್ಕೂ ಆ ಮನೆಯಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಮನೆಯ ಯಜಮಾನರಿಗೆ ಶುಚಿತ್ವದ ಹುಚ್ಚು ಅಷ್ಟೇ. ಬಾಗಿಲಲ್ಲಿ ಒಂದು ದೊಡ್ಡ ಟಬ್ಬಿಟ್ಟು, ಬಂದ ಸಾಮಾನೆಲ್ಲವನ್ನೂ ಉಪ್ಪು ನೀರಿನಲ್ಲಿ ಮುಳುಗಿಸುತ್ತಿದ್ದರು. ತರಕಾರಿ ಸರಿ, ಹಣ್ಣು ಸರಿ. ಬಿಸ್ಕತ್ತಿನ ಪ್ಯಾಕೆಟ್ಟು, ಸೋಪು, ಪೆನ್ಸಿಲ್ಲು, ಕೊನೆಗೆ ಬ್ರೆಡ್ಡನ್ನೂ ಬಿಡಲಿಲ್ಲವಂತೆ. ನಾಲ್ಕು ಪ್ಯಾಕೆಟ್ ಉಪ್ಪು ಹೋದದ್ದು ಟಬ್ಬಿಗೆ.

ಯಜಮಾನರು ಕೆಂಡಾಮಂಡಲವಾಗಿ ಕಂಪನಿಗೆ ದೂರು ಕೊಟ್ಟರು. ಕೊಡಬೇಕಾದದ್ದೇ. ಡಾಕ್ಟ್ರಮ್ಮನೂ ಅದನ್ನೇ ಹೇಳುತ್ತಾರೆ. "ಊಹೆ ತಪ್ಪಾಗಿದ್ದು ಒಂದು ಕಡೆ ಇರ್ಲಿ. ಚೀಟಿ ಹೊರಗೆ ಹೊಡೆದೆನಲ್ಲ, ಅದು ಮಹಾಪರಾಧ. ಊಹೆ ಸರಿಯಾಗಿದ್ರೂ ಅದು ತಪ್ಪೇ. ಬೇರೆಯವರ ಮನೆ ಕಷ್ಟಾನ ಬೀದಿಗೆ ಅಂಟಿಸಿದ ಹಾಗಾಯ್ತು. ಆ ಮಕ್ಕಳಿಗೆ ಹಂಗಾಗ್ಬಾರ್ದಿತ್ತು."

ಮುಖ್ಯ ಕಚೇರಿಯಿಂದ ವಿಚಾರಣೆ ಬಂತು. ಇಬ್ಬರು ಅಧಿಕಾರಿಗಳು, ಎದುರಿಗೆ ಗಾಜಿನ ಹಲಗೆ. ಹಿಂದೆಯೂ ಹೀಗೆ ಮಾಡಿದ್ದೀರಾ ಎಂದು ಕೇಳಿದರು. ಇವರು ಹೂಂ ಅಂದರು. ಅಧಿಕಾರಿ ಫೈಲಿನಿಂದ ಒಂದು ಕಾಗದ ತೆಗೆದು ಗಾಜಿಗೆ ಒತ್ತಿ ಹಿಡಿದು, ಇದೇ ತಾನೇ ಅಂದ. ಅಕ್ಕ ಟೈಪು ಹೊಡೆದ ಮೆಚ್ಚುಗೆಯ ಕಾಗದ. ತಮಗೆ ಬರೆದ ಆ ಕಾಗದವನ್ನು ಡಾಕ್ಟ್ರಮ್ಮ ಮೊದಲ ಸಲ ಕಣ್ಣಾರೆ ಕಂಡದ್ದು ಹೀಗೆ, ಗಾಜಿನಾಚೆ, ಅಪರಾಧದ ಸಾಕ್ಷಿಯಾಗಿ.

ಅಲ್ಲ ಸ್ವಾಮಿ, ಏನಿದು? ಅದೇ ಕಾಗದದ ಅದೇ ವಾಕ್ಯ ಬಾಗಿಲ ಹೊರಗೆ ಕಂಪನಿಯ ಹೆಗ್ಗಳಿಕೆ, ಬಾಗಿಲ ಒಳಗೆ ಈ ಹೆಂಗಸಿನ ಅಪರಾಧ! ಹೊರಗೆ ಹುಡುಗಿಯ ಹಲ್ಲಿನ ಪಕ್ಕ ತೂಗುಹಾಕಲು ನಾಚಿಕೆಯಾಗದ ಮಾತನ್ನು, ಒಳಗೆ ಫೈಲಿಗೆ ಸೇರಿಸಿ ನಂಬರು ಕೊಡಲು ಮನಸ್ಸು ಹೇಗೆ ಬಂತು? ಜೀವ ಉಳಿದದ್ದು ಕಂಪನಿಯ ಪುಣ್ಯ, ನಿಯಮ ಮುರಿದದ್ದು ಪಿಕ್ಕರಿನ ಪಾಪ. ಇಂಥ ನ್ಯಾಯ ಹೇಳುವವರಿಗೆ ದೊಡ್ಡ ಕುರ್ಚಿ, ಕೇಳುವವರಿಗೆ ನಿಂತುಕೊಳ್ಳುವ ಜಾಗ!

ತೀರ್ಮಾನ ಒಂದು ಪುಟದ ಕ್ಷಮಾಪಣೆ ಪತ್ರವಾಗಿ ಬಂತು. ಟೈಪು ಮಾಡಿ ತಯಾರಾಗಿದೆ, ಕೆಳಗೆ ಸಹಿ ಮಾತ್ರ ಬಾಕಿ. "ಇನ್ನೂರ ಮೂರನೇ ಮನೆ ಹಾಗೂ ಆರನೇ ಮಹಡಿಯ ಮನೆ, ಈ ಎರಡು ಪ್ರಕರಣಗಳಲ್ಲಿ ನಾನು ಗ್ರಾಹಕರ ಪಟ್ಟಿಯನ್ನು ಓದಿ, ಅವರನ್ನು ಸಂಪರ್ಕಿಸಿ ತಪ್ಪೆಸಗಿದ್ದೇನೆ. ಎರಡಕ್ಕೂ ಕ್ಷಮೆ ಕೋರುತ್ತೇನೆ." ಶನಿವಾರ ಹತ್ತು ಗಂಟೆಯೊಳಗೆ ಸಹಿ ಹಾಕಿದರೆ ಕೆಲಸ ಉಳಿಯುತ್ತದೆ. ಇಲ್ಲವಾದರೆ ಅವತ್ತೇ ಕೋಟು ವಾಪಸು.

ಶುಕ್ರವಾರ ಸಂಜೆ ಡಾಕ್ಟ್ರಮ್ಮ ಆ ಪತ್ರವನ್ನು ಸೀಮೆಸುಣ್ಣದ ಗೆರೆಯ ಮೇಲಿಟ್ಟು ಹಿಂದೆ ಸರಿಯುತ್ತಾರೆ. ಟೈಲರ್ ಬಂದು ಎತ್ತಿಕೊಳ್ಳುತ್ತಾರೆ. ಕನ್ನಡಕ ಏರಿಸಿ ಎರಡು ಸಲ ಓದುತ್ತಾರೆ.

"ಹಾಕ್ಬಿಡೇ" ಎನ್ನುತ್ತಾರೆ ಕೊನೆಗೆ. "ಒಂದು ಸೈನು ತಾನೇ. ನನ್ನ ಕೈಲಿ ಕೆಲಸ ಇದ್ದಿದ್ರೆ ಹೇಳ್ತಿರ್ಲಿಲ್ಲ."

"ಆರನೇ ಮಹಡೀದಕ್ಕೆ ಹಾಕ್ತೀನಿ. ಎರಡು ಕೈಲೂ ಹಾಕ್ತೀನಿ. ಇನ್ನೊಂದಕ್ಕೆ ಹೆಂಗೆ ಹಾಕ್ಲಿ? ನಮ್ಮನೇಲಿ ಉಪ್ಪಿಲ್ಲ ಅಂದಾಗ ಸುಮ್ಮನಿದ್ದೆ. ಅಲ್ಲಿ ಸುಮ್ಮನಿರ್ಲಿಲ್ಲ. ಸುಮ್ಮನಿರ್ಬೇಕಿತ್ತು ಅಂತ ಬರೀತಾರಲ್ಲ ಇವರು?"

ಟೈಲರ್ ಪತ್ರವನ್ನು ಮತ್ತೊಮ್ಮೆ ನೋಡುತ್ತಾರೆ. ಸತ್ತದ್ದು ಅವರ ತಾಯಿ. ಪತ್ರವನ್ನು ಮಡಿಚಿ ವಾಪಸು ಗೆರೆಯ ಮೇಲಿಟ್ಟು, ಯಂತ್ರದ ಮುಂದೆ ಕೂತು, ಸೂಜಿಗೆ ದಾರ ಪೋಣಿಸುತ್ತಾರೆ. ಆಮೇಲೆ ಬೆನ್ನು ಹಾಕಿಕೊಂಡೇ, "ಅಮ್ಮ ಇದ್ದಿದ್ರೆ ಈ ಪತ್ರದಲ್ಲೂ ಉಪ್ಪಿಲ್ಲ ಅಂತಿದ್ಲು" ಎನ್ನುತ್ತಾರೆ. ಮಗಳು ಕಿಸಕ್ಕನೆ ನಗುತ್ತಾಳೆ. ಗೆರೆಯ ಈಚೆ ಡಾಕ್ಟ್ರಮ್ಮ ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಮುಖ ಮುಟ್ಟಿಕೊಳ್ಳಬಾರದು ಎಂದು ಮಗಳು ಅಮ್ಮನಿಗೆ ಗದರುತ್ತಾಳೆ.

ಶನಿವಾರ ಬೆಳಿಗ್ಗೆ ಒಂಬತ್ತೂವರೆಯ ತನಕ ಡಾಕ್ಟ್ರಮ್ಮ ಹದಿನೇಳು ಪಟ್ಟಿ ಮುಗಿಸಿದ್ದಾರೆ. ಮ್ಯಾನೇಜರ್ ಕರೆಯುತ್ತಾರೆ. ಅವರದು ಅಕ್ಕಿ ಮೂಟೆಗಳ ಹಿಂದಿನ ಸಣ್ಣ ಕೋಣೆ, ಒಂದು ಮೇಜು, ಒಂದೇ ಕುರ್ಚಿ. ಮೂವತ್ತು ದಾಟಿರದ ಮನುಷ್ಯ, ಕೆಟ್ಟವರೇನಲ್ಲ, ಹೆದರಿದವರು. ಪತ್ರದ ಪಕ್ಕ ಪೆನ್ನಿಟ್ಟು ಕಾಯುತ್ತಿದ್ದಾರೆ.

"ಬೇಗ ಹಾಕಿಬಿಡಿ ಅಮ್ಮ. ಹೆಡ್ ಆಫೀಸಿನವರು ಲೈನಲ್ಲಿದಾರೆ."

ಡಾಕ್ಟ್ರಮ್ಮ ನಿಂತುಕೊಂಡೇ ಬಗ್ಗಿ, ಪೆನ್ನೆತ್ತಿ, "ಇನ್ನೂರ ಮೂರನೇ ಮನೆ ಹಾಗೂ" ಎಂಬುದರ ಮೇಲೆ ನೀಟಾಗಿ ಗೆರೆ ಎಳೆಯುತ್ತಾರೆ. "ಈ ಎರಡು ಪ್ರಕರಣಗಳಲ್ಲಿ" ಎಂಬುದನ್ನು ಹೊಡೆದು "ಈ ಒಂದು ಪ್ರಕರಣದಲ್ಲಿ" ಎಂದು ಬರೆಯುತ್ತಾರೆ. "ಎರಡಕ್ಕೂ" ಎಂಬುದನ್ನೂ ಹೊಡೆಯುತ್ತಾರೆ. ಕೆಳಗೆ ಸಹಿ ಹಾಕುತ್ತಾರೆ. ಮ್ಯಾನೇಜರ್ ಅದನ್ನು ನೋಡಿ ತಲೆ ಮೇಲೆ ಕೈ ಹೊತ್ತುಕೊಂಡು, ಹೀಗೆ ಹೀಗೆ ಮಾಡಿದ್ದಾರೆ ಎಂದು ಫೋನಿಗೆ ಹೇಳುತ್ತಾರೆ. ಆಚೆಯಿಂದ ಬಂದ ಗಂಡುದನಿ ಇಡೀ ಕೋಣೆಗೆ ಕೇಳುತ್ತದೆ.

"ತಿದ್ದೋಕೆ ಅವರ್ಯಾರ್ರೀ? ಎರಡು ಅಂದ್ರೆ ಎರಡು. ಹೊಸ ಪ್ರಿಂಟ್ ಕೊಡಿ, ಹಾಗೇ ಸೈನ್ ಹಾಕ್ಲಿ. ಇಲ್ಲಾಂದ್ರೆ ಕೋಟು ಬಿಚ್ಚಿಸ್ಕೊಳ್ಳಿ."

ಪ್ರಿಂಟರಿನಿಂದ ಹೊಸ ಪತ್ರ ಹೊರಬರುತ್ತದೆ. ಮ್ಯಾನೇಜರ್ ಅದನ್ನು ಕೈಯಲ್ಲಿ ಹಿಡಿದಿದ್ದಾರೆ, ಮುಂದಕ್ಕೆ ಚಾಚುತ್ತಿಲ್ಲ. "ಅಮ್ಮ, ಮನೆ ಕಡೆ ಯೋಚನೆ ಮಾಡಿ" ಎಂದು ಮೆಲ್ಲಗೆ ಹೇಳುತ್ತಾರೆ.

"ಮಾಡಿದೀನಿ ಸಾರ್. ರಾತ್ರಿ ಪೂರ್ತಿ ಅದನ್ನೇ ಮಾಡಿದೀನಿ."

ಡಾಕ್ಟ್ರಮ್ಮ ಗ್ಲೌಸು ತೆಗೆದು ಕಸದ ಬುಟ್ಟಿಗೆ ಹಾಕುತ್ತಾರೆ. ಕೋಟಿನ ಗುಂಡಿಗಳನ್ನು ಮೇಲಿನಿಂದ ಒಂದೊಂದಾಗಿ ಬಿಚ್ಚುತ್ತಾರೆ. ಕೋಟನ್ನು ಝಾಡಿಸಿ, ತೋಳೆರಡನ್ನೂ ಒಳಕ್ಕೆ ಮಡಿಚಿ, ಮೇಜಿನ ಮೇಲಿಡುತ್ತಾರೆ. ಆಮೇಲೆ ಫೋನಿನ ಹತ್ತಿರಕ್ಕೆ ಬಗ್ಗಿ, ಆಚೆಯವರಿಗೆ ಸರಿಯಾಗಿ ಕೇಳಲಿ ಎಂದು ಮಾಸ್ಕಿನ ಒಳಗಿಂದಲೇ ಗಟ್ಟಿಯಾಗಿ ಹೇಳುತ್ತಾರೆ:

"ಆರನೇ ಮಹಡಿಯವರ ಮನೆ ಬಾಗಿಲಿಗೇ ಹೋಗಿ ಕೈ ಮುಗಿದು ಬರ್ತೀನಿ ಸಾರ್, ಇವತ್ತೇ ಹೋಗ್ತೀನಿ. ಇನ್ನೂರ ಮೂರರಲ್ಲಿ ಇಬ್ಬರು ಬದುಕಿದಾರೆ. ಅವರು ಬದುಕಿದ್ದು ತಪ್ಪಾಯ್ತು, ಕ್ಷಮಿಸಿ ಅಂತ ನಾನು ಬರ್ಕೊಡಲ್ಲ."